ಸಣ್ಣ ಉದ್ಯಮದ ಪರವಾಗಿ ವಾದಿಸಲು ಸರ್ಕಾರದ ಹಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಶೆಡ್, ಯಂತ್ರ, ಸಾಲದ ಬಡ್ಡಿ ಇವುಗಳಿಗೆ ಸಹಾಯಧನ ಕೊಡುವಂತೆಯೇ, ಸಣ್ಣ ಉದ್ಯಮಗಳ ಪರವಾಗಿ ಓದಿ, ಲೆಕ್ಕ ಹಾಕಿ, ಅರ್ಜಿ ಬರೆದು ವಾದಿಸುವ ಕೆಲಸಕ್ಕೂ ರಾಜ್ಯ ಸರ್ಕಾರ ಬಜೆಟ್‌ನಲ್ಲಿ ಹಣ ತೆಗೆದಿರಿಸಬೇಕು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅದನ್ನು ಒಪ್ಪಿಯೂ ಒಪ್ಪದೆಯೂ ಪತ್ರಗಳು ಬಂದಿವೆ. ಅವುಗಳಲ್ಲಿ ಐದನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮದು ಅರವತ್ತು ಸಣ್ಣ ಘಟಕಗಳ ಸಂಘ. ಸದಸ್ಯರ ಚಂದಾ ಹಣ ಕಚೇರಿಯ ಬಾಡಿಗೆಗೂ ಒಬ್ಬ ಗುಮಾಸ್ತರ ಸಂಬಳಕ್ಕೂ ಸಾಲುತ್ತಿಲ್ಲ. ಸರ್ಕಾರದಿಂದ ಅನುದಾನ ಕೇಳೋಣ ಎನ್ನುವವರು ಕೆಲವರು. ಸರ್ಕಾರದ ಹಣ ತೆಗೆದುಕೊಂಡ ಮೇಲೆ ಸರ್ಕಾರದ ತಪ್ಪನ್ನು ಹೇಳಲು ಬಾಯಿ ಬರುವುದಿಲ್ಲ ಎನ್ನುವವರು ಇನ್ನು ಕೆಲವರು. ಯಾರ ಮಾತು ಸರಿ?
— ಶಿವಮೊಗ್ಗದ ಸಂಘವೊಂದರ ಕಾರ್ಯದರ್ಶಿ

ಉತ್ತರ: ಎರಡನೆಯವರ ಅಂಜಿಕೆ ನಿಜವಾದದ್ದು. ಆದರೆ ಅದರಿಂದ ಅನುದಾನವೇ ಬೇಡ ಎಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ. ಯಾವ ಕೆಲಸಕ್ಕೆ, ಎಷ್ಟು, ಯಾವ ಷರತ್ತಿನ ಮೇಲೆ ಕೇಳುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಈ ನಾಡಿನಲ್ಲಿ ವ್ಯಾಪಾರೋದ್ಯಮಿಗಳ ಸಂಘಟನೆಯನ್ನು ಆಡಳಿತವೇ ಬೇಕೆಂದು ಬಯಸಿದ ಕಾಲವೊಂದಿತ್ತು. ಇಂದು ಎಫ್‌ಕೆಸಿಸಿಐ ಎಂದು ಕರೆಯುವ ರಾಜ್ಯದ ವಾಣಿಜ್ಯೋದ್ಯಮ ಮಹಾಸಂಸ್ಥೆ ಮೈಸೂರು ವಾಣಿಜ್ಯ ಮಂಡಳಿಯಾಗಿ 1916ರಲ್ಲಿ ಹುಟ್ಟಿದಾಗ ಅದರ ಹಿಂದೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಪ್ರೇರಣೆ ಇತ್ತು. ಸಣ್ಣ ಕೈಗಾರಿಕೆಗಳದ್ದೇ ಆದ ಕಾಸಿಯಾ 1949ರಲ್ಲಿ ಸ್ಥಾಪನೆಯಾಯಿತು. ಉದ್ಯಮಿಗಳ ಕಷ್ಟ ಏನೆಂದು ತಿಳಿಯದೆ ನೀತಿ ರೂಪಿಸಲಾಗದು ಎಂಬ ಸರಳ ತಿಳಿವಳಿಕೆ ಅಂದಿನ ಆಡಳಿತಕ್ಕಿತ್ತು. ಆದ್ದರಿಂದ ಸರ್ಕಾರದ ನೆರವನ್ನು ಕೇಳುವುದರಲ್ಲಿ ಮುಜುಗರ ಪಡುವಂಥದ್ದೇನೂ ಇಲ್ಲ.

ಇಂದು ಸಂಘಗಳಿಗೆ ತಲುಪುವ ಸರ್ಕಾರದ ಹಣ ಹೆಚ್ಚಾಗಿ ಕಣ್ಣಿಗೆ ಕಾಣುವ ವಸ್ತುಗಳಿಗೆ ಬರುತ್ತದೆ. ಒಂದೇ ಬಗೆಯ ಘಟಕಗಳ ಗುಂಪಿಗೆಂದು ಇರುವ ಕ್ಲಸ್ಟರ್ ಯೋಜನೆಯಲ್ಲಿ ಕೇಂದ್ರ ಮತ್ತು ರಾಜ್ಯ ಎರಡೂ ಪಾಲು ಕೊಟ್ಟು, ಉದ್ಯಮಿಗಳು ಕೂಡಿ ರಚಿಸಿಕೊಂಡ ಕಂಪನಿಯೊಂದು ಉಳಿದ ಪಾಲು ಹಾಕಿ, ಎಲ್ಲರೂ ಹಂಚಿಕೊಂಡು ಬಳಸುವ ಸಾಮಾನ್ಯ ಸೌಲಭ್ಯ ಕೇಂದ್ರವನ್ನು ಕಟ್ಟಬಹುದು. ಬೆಳಗಾವಿಯ ಫೌಂಡ್ರಿ ಕ್ಲಸ್ಟರ್ ಇಂಥ ಒಗ್ಗೂಡುವಿಕೆಯ ಫಲ. ವಿಶ್ವಬ್ಯಾಂಕ್ ನೆರವಿನಿಂದ 2022ರಲ್ಲಿ ಆರಂಭವಾದ, ಸಣ್ಣ ಉದ್ಯಮಗಳ ಬಲವರ್ಧನೆಯ ರ‍್ಯಾಂಪ್ ಕಾರ್ಯಕ್ರಮದ ಒಟ್ಟು ಗಾತ್ರ 6,062 ಕೋಟಿ ರೂಪಾಯಿ, ಮತ್ತು ಆ ಹಣಕ್ಕಾಗಿ ಪ್ರತಿ ರಾಜ್ಯವೂ ತನ್ನದೇ ಹೂಡಿಕೆ ಯೋಜನೆಯನ್ನು ಬರೆದು ಕೊಡಬೇಕು. ಯಂತ್ರಕ್ಕೆ, ಕಟ್ಟಡಕ್ಕೆ, ಮೇಳಕ್ಕೆ, ತರಬೇತಿ ಶಿಬಿರಕ್ಕೆ ದಾರಿಗಳಿವೆ. ಕರಡು ಅಧಿಸೂಚನೆಯೊಂದು ರಾಜ್ಯಪತ್ರದಲ್ಲಿ ಬಂದ ದಿನವೇ ಅದನ್ನು ಓದಿ, ಹತ್ತು ಜನ ಕೆಲಸ ಮಾಡುವ ಶೆಡ್ಡಿನ ಮೇಲೆ ಅದರ ಪರಿಣಾಮವೇನು ಎಂದು ಲೆಕ್ಕ ಹಾಕಿ, ಗಡುವಿನೊಳಗೆ ಆಕ್ಷೇಪಣೆ ಬರೆಯುವ ಒಬ್ಬ ಮನುಷ್ಯನ ಸಂಬಳಕ್ಕೆ ಮಾತ್ರ ದಾರಿ ಸುಲಭವಾಗಿ ಸಿಗುವುದಿಲ್ಲ. ದೊಡ್ಡ ಕಂಪನಿಗಳಲ್ಲಿ ಇದಕ್ಕಾಗಿಯೇ ಒಂದು ವಿಭಾಗವಿರುತ್ತದೆ. ನಿಮ್ಮ ಸಂಘದಲ್ಲಿ ಲೇತ್ ನಿಲ್ಲಿಸಿ ಕೈ ತೊಳೆದುಕೊಂಡು ಬಂದವರು ಸಂಜೆ ಏಳರ ನಂತರ ಆ ಕೆಲಸಕ್ಕೆ ಕೂರಬೇಕು. ಈ ಅಂತರವನ್ನು ತುಂಬುವುದು ಸರ್ಕಾರದ ಹೊಣೆ ಎಂಬುದು ನನ್ನ ದೃಢವಾದ ನಿಲುವು. ಏಕೆಂದರೆ ಸರ್ಕಾರ ಆಕ್ಷೇಪಣೆಗಳನ್ನು ಕರೆದಾಗ ಒಂದೇ ಪಕ್ಷದಿಂದ ಉತ್ತರ ಬಂದರೆ, ಆ ಸಮಾಲೋಚನೆಗೆ ಬೆಲೆ ಇರುವುದಿಲ್ಲ.

ಆದ್ದರಿಂದ ನೀವು ಸಭಾಭವನ ಕೇಳಬೇಡಿ. ಒಬ್ಬ ಓದುಬರಹ ಬಲ್ಲ ಕಾರ್ಯನಿರ್ವಾಹಕರು ಮತ್ತು ಅರೆಕಾಲಿಕ ಲೆಕ್ಕಪರಿಶೋಧಕರೊಬ್ಬರು, ಇವರಿಬ್ಬರ ಮೂರು ವರ್ಷಗಳ ವೆಚ್ಚದ ಒಂದು ಭಾಗವನ್ನು ಮಾತ್ರ ಕೇಳಿ. ಸಂಘದ ಒಟ್ಟು ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಎಂದಿಗೂ ಸದಸ್ಯರ ಚಂದಾದಿಂದಲೇ ಬರಬೇಕು ಎಂದು ನಿಮ್ಮ ಬೈಲಾದಲ್ಲಿಯೇ ಬರೆದುಕೊಳ್ಳಿ. ನಾಳೆ ಅನುದಾನ ನಿಂತರೂ ಕಚೇರಿ ಮುಚ್ಚುವುದಿಲ್ಲ ಎಂಬ ಧೈರ್ಯವಿದ್ದಾಗ ಮಾತ್ರ ಮಾತಿಗೆ ಬಿಗಿ ಬರುತ್ತದೆ. ವರ್ಷಕ್ಕೊಮ್ಮೆ ನವೀಕರಿಸುವ ಅನುದಾನಕ್ಕಿಂತ ಮೂರು ವರ್ಷದ ಒಪ್ಪಂದ ಮೇಲು, ಏಕೆಂದರೆ ಪ್ರತಿ ಮಾರ್ಚ್ ತಿಂಗಳಲ್ಲಿ ಕಡತದ ಹಿಂದೆ ಓಡುವ ಸಂಘ ಪ್ರತಿ ಫೆಬ್ರುವರಿಯಲ್ಲಿ ಮೌನವಾಗಿರುತ್ತದೆ. ಅರ್ಜಿಯನ್ನು ಜಿಲ್ಲಾ ಕೈಗಾರಿಕಾ ಕೇಂದ್ರದ ಜಂಟಿ ನಿರ್ದೇಶಕರ ಮೂಲಕ ವಾಣಿಜ್ಯ ಮತ್ತು ಕೈಗಾರಿಕಾ ಇಲಾಖೆಗೆ ಕಳುಹಿಸಿ, ಅದರ ಪ್ರತಿಯನ್ನು ಬಜೆಟ್ ಪೂರ್ವ ಸಭೆಗಳಿಗೆ ಹೋಗುವ ರಾಜ್ಯ ಮಟ್ಟದ ಸಂಘಗಳಿಗೂ ಕೊಡಿ. ಆ ಸಭೆಗಳು ಮುಗಿದ ನಂತರ ಹೋದ ಬೇಡಿಕೆ ಮುಂದಿನ ವರ್ಷಕ್ಕೇ ಸರಿ. ಆದ್ದರಿಂದ ನವೆಂಬರ್ ದಾಟಿಸಬೇಡಿ.

ಪ್ರಶ್ನೆ: ನಾನು ಪೀಣ್ಯದಲ್ಲಿ ನಾಲ್ಕು ಸಿಎನ್‌ಸಿ ಯಂತ್ರ ಇಟ್ಟುಕೊಂಡು ಬಿಡಿಭಾಗ ತಯಾರಿಸುತ್ತೇನೆ. ದೊಡ್ಡ ಗ್ರಾಹಕರೊಬ್ಬರು ಹದಿನಾಲ್ಕು ತಿಂಗಳಿನಿಂದ ಬಿಲ್ ಹಣ ಕೊಟ್ಟಿಲ್ಲ. ಸಂಘದಲ್ಲಿ ಹೇಳಿದರೆ "ಹೊಂದಿಕೊಂಡು ಹೋಗಿ, ಆರ್ಡರ್ ಕಳೆದುಕೊಳ್ಳಬೇಡಿ" ಎಂದರು. ಇಂಥ ಸಂಘಗಳಿಗೆ ಸರ್ಕಾರದ ಹಣ ಏಕೆ?
— ಬೆಂಗಳೂರಿನ ಓದುಗರು

ಉತ್ತರ: ನಿಮ್ಮ ಕೋಪ ನ್ಯಾಯವಾದದ್ದು. ಮೊದಲು ನಿಮ್ಮ ಹಣದ ವಿಷಯ, ಆಮೇಲೆ ಸಂಘದ ವಿಷಯ.

2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ 15ನೇ ಕಲಂ ಪ್ರಕಾರ, ಲಿಖಿತ ಒಪ್ಪಂದವಿದ್ದರೂ ಗ್ರಾಹಕರು ಸರಕನ್ನು ಒಪ್ಪಿಕೊಂಡ ದಿನದಿಂದ ಪಾವತಿಯ ಗಡುವು 45 ದಿನಗಳನ್ನು ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನಗಳೊಳಗೆ ಹಣ ಕೊಡಬೇಕು. ಸರಕು ತಲುಪಿದ 15 ದಿನಗಳೊಳಗೆ ಲಿಖಿತವಾಗಿ ತಕರಾರು ಎತ್ತದಿದ್ದರೆ ಸರಕು ಸ್ವೀಕೃತವಾಯಿತೆಂದೇ ಕಾನೂನು ಭಾವಿಸುತ್ತದೆ. ಆದ್ದರಿಂದ ತಿಂಗಳುಗಳ ನಂತರ "ಕ್ವಾಲಿಟಿ ಸರಿಯಿರಲಿಲ್ಲ" ಎಂದು ಎದ್ದುಬರುವ ನೆಪಕ್ಕೆ ಬಲ ಕಡಿಮೆ. ತಡವಾದ ಹಣಕ್ಕೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿಯಾಗಿ, 16ನೇ ಕಲಂ ವಿಧಿಸುತ್ತದೆ. ಬ್ಯಾಂಕ್ ದರ ಶೇ. 6 ಎಂದು ಹಿಡಿದರೆ ವರ್ಷಕ್ಕೆ ಶೇ. 18. ಆ ಬಡ್ಡಿಯನ್ನು ಗ್ರಾಹಕರು ತಮ್ಮ ಆದಾಯ ತೆರಿಗೆಯ ಲೆಕ್ಕದಲ್ಲಿ ವೆಚ್ಚವೆಂದು ತೋರಿಸುವಂತೆಯೂ ಇಲ್ಲ. 2023ರ ಹಣಕಾಸು ಕಾಯ್ದೆಯಿಂದ ಇನ್ನೂ ಒಂದು ಬಿಗಿ ಬಂದಿದೆ: ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಈ ಅವಧಿಯೊಳಗೆ ಕೊಡದ ಮೂಲ ಹಣವನ್ನೂ, ನಿಜವಾಗಿ ಪಾವತಿ ಮಾಡಿದ ವರ್ಷದಲ್ಲಿ ಮಾತ್ರ ಖರ್ಚೆಂದು ಕಳೆಯಬಹುದು.

ಈ ಹಕ್ಕನ್ನು ಜಾರಿಗೆ ತರುವ ಜಾಗ ರಾಜ್ಯ ಸರ್ಕಾರವೇ ರಚಿಸಿರುವ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಸೌಲಭ್ಯ ಮಂಡಳಿ. ಅಲ್ಲಿ ಮೊದಲು ಸಂಧಾನ ನಡೆಯುತ್ತದೆ, ಅದು ಫಲಿಸದಿದ್ದರೆ ಮಧ್ಯಸ್ಥಿಕೆ ತೀರ್ಪು. ಗ್ರಾಹಕರು ದೇಶದ ಯಾವ ಮೂಲೆಯಲ್ಲಿದ್ದರೂ ಸರಕು ಕೊಟ್ಟವರ ಊರಿನ ಮಂಡಳಿಗೆ ಅಧಿಕಾರವಿದೆ. ನೀವು ಪುಣೆಗೋ ಗುರುಗ್ರಾಮಕ್ಕೋ ಅಲೆಯಬೇಕಾಗಿಲ್ಲ. ತೀರ್ಪಿನ ವಿರುದ್ಧ ನ್ಯಾಯಾಲಯಕ್ಕೆ ಹೋಗುವ ಗ್ರಾಹಕರು ಮೊದಲು ಆ ಮೊತ್ತದ ಶೇ. 75ರಷ್ಟನ್ನು ಠೇವಣಿ ಇಡಬೇಕು. ಕಾಲ ತಳ್ಳುವುದಕ್ಕಾಗಿಯೇ ಮೇಲ್ಮನವಿ ಹಾಕುವವರಿಗೆ ಈ 19ನೇ ಕಲಂ ದೊಡ್ಡ ತಡೆ. ಪ್ರಕರಣವನ್ನು 90 ದಿನಗಳಲ್ಲಿ ಮುಗಿಸಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಬಹಳ ಪ್ರಕರಣಗಳು ಆ ಗಡುವನ್ನು ದಾಟುತ್ತವೆ. ಮಂಡಳಿಯ ಸದಸ್ಯರು ಬೇರೆ ಕೆಲಸಗಳ ನಡುವೆ ಬಂದು ಕೂರುತ್ತಾರೆ, ಕಡತ ಸಿದ್ಧಪಡಿಸುವ ಸಿಬ್ಬಂದಿ ಕಡಿಮೆ, ಅರ್ಜಿದಾರರ ದಾಖಲೆಗಳೂ ಅರೆಬರೆ. ರಾಜ್ಯದ ಹಣ ಮೊಟ್ಟಮೊದಲು ಹೋಗಬೇಕಾದ ಜಾಗ ಇದು. ಮಂಡಳಿಗೆ ಪೂರ್ಣಾವಧಿ ಕಾರ್ಯದರ್ಶಿ, ಕಾನೂನು ಸಹಾಯಕರು, ನಿಗದಿತ ದಿನಗಳ ವಿಚಾರಣೆ ಇವಿಷ್ಟಕ್ಕೆ ಬೇಕಾಗುವ ಹಣ ಒಂದು ದೊಡ್ಡ ಮೇಳದ ಶಾಮಿಯಾನದ ಖರ್ಚಿನ ಮುಂದೆ ಅತಿ ಹೆಚ್ಚೇನಲ್ಲ.

ನೀವು ಮಾಡಬೇಕಾದದ್ದು ಇಷ್ಟು. ಉದ್ಯಮ್ ನೋಂದಣಿ (ಸೂಕ್ಷ್ಮ, ಸಣ್ಣ ಅಥವಾ ಮಧ್ಯಮ ಉದ್ಯಮವೆಂದು ಕೇಂದ್ರ ಸರ್ಕಾರದಲ್ಲಿ ದಾಖಲಾಗುವುದು) ಇದೆಯೇ, ಅದರ ದಿನಾಂಕ ಆ ಆರ್ಡರಿಗಿಂತ ಮುಂಚಿನದೇ ಎಂದು ನೋಡಿಕೊಳ್ಳಿ. ಆರ್ಡರ್ ಆದ ನಂತರ ನೋಂದಣಿ ಮಾಡಿಸಿಕೊಂಡವರ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟಿನವರೆಗೆ ವಾದಗಳು ನಡೆದಿವೆ, ಆದ್ದರಿಂದ ಮುಂಚಿತ ನೋಂದಣಿಯೇ ಕ್ಷೇಮ. ನೋಂದಣಿಗೆ ಶುಲ್ಕವಿಲ್ಲ, ಹಣ ಕೇಳುವ ಮಧ್ಯವರ್ತಿಗಳಿಂದ ದೂರವಿರಿ. ಪರ್ಚೇಸ್ ಆರ್ಡರ್, ಬಿಲ್, ಸಹಿಯಾದ ಡೆಲಿವರಿ ಚಲನ್, ಹಣ ಕೇಳಿ ಕಳುಹಿಸಿದ ಇ-ಮೇಲ್ ಇವನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ. ಅರ್ಜಿಯನ್ನು ಆನ್‌ಲೈನ್‌ನಲ್ಲಿಯೇ ಸಲ್ಲಿಸಬಹುದು. 2017ರಲ್ಲಿ "ಸಮಾಧಾನ್" ಎಂಬ ಹೆಸರಿನಲ್ಲಿ ಈ ವ್ಯವಸ್ಥೆ ಆರಂಭವಾಯಿತು. ಯಾವ ಮಂಡಳಿಯ ವ್ಯಾಪ್ತಿಗೆ ಬರುತ್ತೀರಿ ಎಂಬುದನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿಕೊಳ್ಳಿ. ಬಾಕಿ ಮೂರು ವರ್ಷ ದಾಟಲು ಮಾತ್ರ ಬಿಡಬೇಡಿ.

ಇನ್ನು ಸಂಘ. ಒಬ್ಬರೇ ಅರ್ಜಿ ಹಾಕಿದರೆ ಆರ್ಡರ್ ನಿಲ್ಲುತ್ತದೆ ಎಂಬ ಭಯ ಸುಳ್ಳಲ್ಲ. ಅದೇ ಕಾರಣಕ್ಕೆ ಹಕ್ಕಿದ್ದವರೂ ಸುಮ್ಮನಿರುತ್ತಾರೆ. ಈ ಭಯವನ್ನು ಹಂಚಿಕೊಳ್ಳುವುದಕ್ಕೇ ಸಂಘವೆಂಬುದು ಇರುವುದು. ಒಂದೇ ಗ್ರಾಹಕರಿಂದ ಬಾಕಿ ಇರುವ ಹತ್ತು ಸದಸ್ಯರ ಪಟ್ಟಿಯನ್ನು ಸಂಘ ತನ್ನ ಲೆಟರ್‌ಹೆಡ್‌ನಲ್ಲಿ ಬರೆದು ಆ ಕಂಪನಿಯ ಹಣಕಾಸು ಮುಖ್ಯಸ್ಥರಿಗೆ ಕಳುಹಿಸಿದರೆ, ಯಾರೊಬ್ಬರೂ ಬೆಟ್ಟು ಮಾಡಿ ತೋರಿಸಲ್ಪಡುವುದಿಲ್ಲ. ಕಾಯ್ದೆಯ 21ನೇ ಕಲಂ ಸೌಲಭ್ಯ ಮಂಡಳಿಯಲ್ಲಿಯೇ ಸೂಕ್ಷ್ಮ ಮತ್ತು ಸಣ್ಣ ಉದ್ಯಮ ಸಂಘಗಳ ಪ್ರತಿನಿಧಿಗೆ ಕುರ್ಚಿ ಕೊಟ್ಟಿದೆ. ಕಾನೂನೇ ಇಷ್ಟು ಗೌರವ ಕೊಟ್ಟಿರುವಾಗ ಸದಸ್ಯನಿಗೆ "ಹೊಂದಿಕೊಂಡು ಹೋಗಿ" ಎನ್ನುವ ಸಂಘ ತನ್ನ ಕೆಲಸವನ್ನೇ ಮರೆತಿದೆ. ಆದ್ದರಿಂದಲೇ ಅನುದಾನವನ್ನು ಸಂಘದ ಹೆಸರಿಗೆ ಕೊಡದೆ ಕೆಲಸಕ್ಕೆ ಕಟ್ಟಿಹಾಕಬೇಕು ಎನ್ನುತ್ತೇನೆ: ವರ್ಷದಲ್ಲಿ ಎಷ್ಟು ಸದಸ್ಯರಿಗೆ ಅರ್ಜಿ ಬರೆದುಕೊಟ್ಟಿರಿ, ಎಷ್ಟು ವಿಚಾರಣೆಗಳಿಗೆ ಜೊತೆಯಲ್ಲಿ ಹೋದಿರಿ ಎಂಬ ಲೆಕ್ಕ ಕೊಟ್ಟ ಮೇಲೆಯೇ ಮುಂದಿನ ಕಂತು.

ಪ್ರಶ್ನೆ: ನನ್ನದು ತರಕಾರಿ ಮತ್ತು ಕಿರಾಣಿಯ ಸಗಟು ಅಂಗಡಿ. ಉದ್ಯಮ್ ನೋಂದಣಿ ಮಾಡಿಸಿದ್ದೇನೆ. ಬಾಕಿ ಹಣಕ್ಕೆ ನಾನೂ ಈ ಮಂಡಳಿಗೆ ಹೋಗಬಹುದೇ? ನಮ್ಮಂಥ ವ್ಯಾಪಾರಿಗಳ ಪರ ಮಾತನಾಡುವವರು ಯಾರು?
— ರಾಣೆಬೆನ್ನೂರಿನ ಓದುಗರು

ಉತ್ತರ: ಹೋಗಲಾಗದು. 2021ರ ಜುಲೈನಲ್ಲಿ ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿಯನ್ನು ತೆರೆದರು. ಆದರೆ ಅದರ ಪ್ರಯೋಜನವನ್ನು ಬ್ಯಾಂಕುಗಳ ಆದ್ಯತಾ ವಲಯದ ಸಾಲಕ್ಕೆ ಮಾತ್ರ ಸೀಮಿತಗೊಳಿಸಿದರು. ತಡವಾದ ಪಾವತಿಯ ರಕ್ಷಣೆ ತಯಾರಕರಿಗೂ ಸೇವೆ ಕೊಡುವವರಿಗೂ ಉಂಟು, ವ್ಯಾಪಾರಿಗಳಿಗಿಲ್ಲ. ಇದು ಬದಲಾಗಬೇಕು ಎಂದು ನನಗನ್ನಿಸುತ್ತದೆ, ಆದರೆ ಇಂದಿನ ನಿಯಮ ಇದು. ನಿಮಗೆ ಉಳಿದಿರುವುದು ಸಾಮಾನ್ಯ ಸಿವಿಲ್ ದಾವೆ, ಅಥವಾ ಚೆಕ್ ಪಡೆದಿದ್ದು ಅದು ವಾಪಸಾಗಿದ್ದರೆ ಚೆಕ್ ಅಮಾನ್ಯದ ಪ್ರಕರಣ.

ನಿಮ್ಮ ಎರಡನೆಯ ಪ್ರಶ್ನೆಗೆ 2025ರ ಜುಲೈ ತಿಂಗಳು ನೋವಿನ ಉತ್ತರ ಕೊಟ್ಟಿತು. ಯುಪಿಐ ಮೂಲಕ ಬಂದ ಹಣದ ಮೊತ್ತ ಜಿಎಸ್‌ಟಿ ನೋಂದಣಿಯ ಮಿತಿಯನ್ನು, ಅಂದರೆ ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿಗಳನ್ನು, ದಾಟಿದೆ ಎಂದು ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಹೋದವು. ಹಾಲು, ತರಕಾರಿ, ಹಣ್ಣಿನಂಥ ತೆರಿಗೆಯಿಲ್ಲದ ಪದಾರ್ಥ ಮಾರುವವರಿಗೂ ಅವು ಬಂದವು. ಅಂಗಡಿಗಳ ಮುಂದೆ ಕ್ಯೂಆರ್ ಕೋಡ್ ತೆಗೆದು "ನಗದು ಮಾತ್ರ" ಎಂಬ ಫಲಕಗಳು ಕಾಣಿಸಿಕೊಂಡವು, ಬಂದ್ ಕರೆ ಹೊರಟಿತು, ಕೊನೆಗೆ ಮುಖ್ಯಮಂತ್ರಿಗಳು ವ್ಯಾಪಾರಿ ಪ್ರತಿನಿಧಿಗಳನ್ನು ಕರೆದು ಮಾತನಾಡಿದ ಮೇಲೆ ಬಿಸಿ ಆರಿತು. ಹಾಲಿನ ಅಂಗಡಿಯವರೊಬ್ಬರ ಖಾತೆಗೆ ಬಂದ ಹಣವೆಲ್ಲ ತೆರಿಗೆಗೆ ಒಳಪಡುವ ವಹಿವಾಟಲ್ಲ ಎಂಬ ಮಾತನ್ನು ನೋಟಿಸಿಗೆ ಮುಂಚೆಯೇ ಇಲಾಖೆಯೊಳಗೆ ಹೇಳುವವರು ಒಬ್ಬರಿದ್ದಿದ್ದರೆ, ಇಷ್ಟು ಮನೆಗಳ ನಿದ್ದೆ ಕೆಡುತ್ತಿರಲಿಲ್ಲ.

ಪ್ರಶ್ನೆ: ಧಾರವಾಡದಲ್ಲಿ ರೊಟ್ಟಿ ಮತ್ತು ಚಟ್ನಿಪುಡಿಯ ಘಟಕ ನಡೆಸುತ್ತೇನೆ, ಒಂಬತ್ತು ಹೆಣ್ಣುಮಕ್ಕಳು ಕೆಲಸ ಮಾಡುತ್ತಾರೆ. ಕರೆಂಟ್ ಬಿಲ್ಲಿನಲ್ಲಿ ನಿಗದಿತ ಶುಲ್ಕವೇ ಹೊರೆಯಾಗಿದೆ. ಬೆಂಗಳೂರಿನ ದೊಡ್ಡ ಸಂಘಗಳಿಗೆ ನಮ್ಮ ದನಿ ಕೇಳುವುದಿಲ್ಲ. ಸರ್ಕಾರದೊಳಗೇ ನಮ್ಮ ಪರ ವಾದಿಸುವ ಅಧಿಕಾರಿ ಎಲ್ಲಾದರೂ ಇದ್ದಾರೆಯೇ?
— ಧಾರವಾಡದ ಓದುಗರು

ಉತ್ತರ: ನಮ್ಮ ರಾಜ್ಯದಲ್ಲಿ ಅದೇ ಕೆಲಸಕ್ಕೆಂದು ನೇಮಕವಾದ ಸ್ವತಂತ್ರ ಅಧಿಕಾರಿ ಇಲ್ಲ. ಬೇರೆಡೆ ಇದ್ದಾರೆ. ಅಮೆರಿಕದಲ್ಲಿ ಸಣ್ಣ ಉದ್ಯಮ ಆಡಳಿತ ಸಂಸ್ಥೆಯೊಳಗೆ 1976ರ ಕಾನೂನಿನಿಂದ ರಚನೆಯಾದ ವಕಾಲತ್ತು ಕಚೇರಿಯೊಂದಿದೆ. ಅದರ ಮುಖ್ಯಸ್ಥರನ್ನು ಅಧ್ಯಕ್ಷರು ಸೆನೆಟ್ ಒಪ್ಪಿಗೆಯೊಂದಿಗೆ ನೇಮಿಸುತ್ತಾರೆ. ಸರ್ಕಾರದ ಇತರ ಇಲಾಖೆಗಳು ಹೊಸ ನಿಯಮ ತರುವಾಗ ಸಣ್ಣ ಉದ್ಯಮದ ಮೇಲಾಗುವ ಪರಿಣಾಮವನ್ನು ಪರಿಶೀಲಿಸಬೇಕೆಂದು 1980ರ ಕಾನೂನು ಹೇಳುತ್ತದೆ. ಆ ಪರಿಶೀಲನೆ ಸರಿಯಾಗಿಲ್ಲದಿದ್ದರೆ ಈ ಕಚೇರಿ ಬಹಿರಂಗವಾಗಿ ಪತ್ರ ಬರೆದು ಆಕ್ಷೇಪಿಸುತ್ತದೆ. ಅದರ ಬಜೆಟ್ಟನ್ನು 2010ರ ಕಾನೂನಿನ ಮೂಲಕ ಪ್ರತ್ಯೇಕ ಸಾಲಿನಲ್ಲಿ ಇಟ್ಟರು. ಮೂಲ ಸಂಸ್ಥೆಯ ಹಣದ ಮೇಲೆ ಅವಲಂಬಿಸಿದರೆ ಮಾತಿನ ಸ್ವಾತಂತ್ರ್ಯ ಉಳಿಯದು ಎಂಬ ಅರಿವು ಅದರ ಹಿಂದಿದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2003ರಲ್ಲಿ ಸಣ್ಣ ಉದ್ಯಮ ಆಯುಕ್ತರನ್ನು ನೇಮಿಸಿತು. ಅಂಗಡಿ ಬಾಡಿಗೆಯ ತಕರಾರುಗಳಲ್ಲಿ ಸಂಧಾನ ನಡೆಸುವುದು ಆ ಕಚೇರಿಯ ಮುಖ್ಯ ಕೆಲಸಗಳಲ್ಲೊಂದು. ರಾಜ್ಯವೊಂದು ತನ್ನ ಹಣದಿಂದಲೇ ಇದನ್ನು ಮಾಡಬಹುದು ಎಂಬುದಕ್ಕೆ ಅದು ಸಾಕ್ಷಿ, ಮತ್ತು ಕರ್ನಾಟಕ ಇದನ್ನು ಗಂಭೀರವಾಗಿ ಪರಿಶೀಲಿಸಬೇಕು.

ಆ ದಿನ ಬರುವವರೆಗೆ ಕಾಯಬೇಕಾಗಿಲ್ಲ. ನಿಮ್ಮ ನಿಗದಿತ ಶುಲ್ಕವನ್ನು, ಅಂದರೆ ಬಳಕೆ ಎಷ್ಟೇ ಇರಲಿ ಮಂಜೂರಾದ ಲೋಡ್ ಮೇಲೆ ಪ್ರತಿ ತಿಂಗಳೂ ಕಟ್ಟುವ ಮೊತ್ತವನ್ನು, ತೀರ್ಮಾನಿಸುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ನಿಮ್ಮ ಭಾಗದ ವಿದ್ಯುತ್ ಕಂಪನಿಯಾದ ಹೆಸ್ಕಾಂ ದರ ಪರಿಷ್ಕರಣೆಗೆ ಅರ್ಜಿ ಹಾಕಿದಾಗ ಅದನ್ನು ಪ್ರಕಟಿಸಿ, ಸಾರ್ವಜನಿಕರ ಆಕ್ಷೇಪಣೆಗಳನ್ನು ಪರಿಗಣಿಸಿದ ಮೇಲೆಯೇ ಆದೇಶ ಹೊರಡಿಸಬೇಕೆಂದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 64ನೇ ಕಲಂ ಹೇಳುತ್ತದೆ. ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು, ಸಂಘವೇ ಆಗಬೇಕೆಂದಿಲ್ಲ. ಆಯೋಗದ ದರ ಆದೇಶಗಳಲ್ಲಿ ಆಕ್ಷೇಪಣೆ, ಅದಕ್ಕೆ ವಿದ್ಯುತ್ ಕಂಪನಿಯ ಉತ್ತರ ಮತ್ತು ಆಯೋಗದ ಅಭಿಪ್ರಾಯ ಮೂರನ್ನೂ ದಾಖಲಿಸುತ್ತಾರೆ. ಅಂದರೆ ನೀವು ಬರೆದದ್ದಕ್ಕೆ ಉತ್ತರ ಸಿಗುತ್ತದೆ. ಆದರೆ ಬರಿಯ "ದರ ಏರಿಸಬೇಡಿ" ಎಂಬ ಬೇಡಿಕೆಗೆ ಅಲ್ಲಿ ತೂಕವಿಲ್ಲ. ಹನ್ನೆರಡು ತಿಂಗಳ ಬಿಲ್ಲುಗಳನ್ನಿಟ್ಟು, ಮಂಜೂರಾದ ಲೋಡ್ ಎಷ್ಟು, ನಿಜವಾಗಿ ಬಳಸಿದ್ದು ಎಷ್ಟು, ಒಟ್ಟು ಬಿಲ್ಲಿನಲ್ಲಿ ನಿಗದಿತ ಶುಲ್ಕದ ಪಾಲೆಷ್ಟು ಎಂದು ತೋರಿಸಬೇಕು. ಅಂದಹಾಗೆ, ಮಂಜೂರಾದ ಲೋಡ್ ಬಳಕೆಗಿಂತ ಬಹಳ ಹೆಚ್ಚಿದ್ದರೆ ಅದನ್ನು ಇಳಿಸಲು ಹೆಸ್ಕಾಂಗೆ ಇಂದೇ ಅರ್ಜಿ ಕೊಡಿ. ಆ ಉಳಿತಾಯಕ್ಕೆ ಯಾರ ವಾದವೂ ಬೇಕಿಲ್ಲ.

2023ರ ಜೂನ್‌ನಲ್ಲಿ ವಿದ್ಯುತ್ ದರ ಏರಿಕೆಯ ವಿರುದ್ಧ ಹುಬ್ಬಳ್ಳಿಯ ವಾಣಿಜ್ಯೋದ್ಯಮ ಸಂಸ್ಥೆ ಬಂದ್‌ಗೆ ಕರೆ ಕೊಟ್ಟಿದ್ದು ನಿಮಗೆ ನೆನಪಿರಬಹುದು. ಬೀದಿಯ ಹೋರಾಟಕ್ಕೆ ಅದರದ್ದೇ ಬೆಲೆ ಇದೆ. ಆದರೆ ಆದೇಶ ಹೊರಬಿದ್ದ ಮೇಲಿನ ಬಂದ್‌ಗಿಂತ ವಿಚಾರಣೆಯ ದಿನ ಮೇಜಿನ ಮೇಲಿಟ್ಟ ಹತ್ತು ಪುಟದ ಲೆಕ್ಕ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ಇಂಥ ವಿಚಾರಣೆಗಳಲ್ಲಿ ಕೂತು ನಾನು ಕಂಡ ಮಾತು. ಮಹಾರಾಷ್ಟ್ರದ ವಿದ್ಯುತ್ ನಿಯಂತ್ರಣ ಆಯೋಗ ಅದೇ ಕಾಯ್ದೆಯ 94ನೇ ಕಲಂ ಬಳಸಿ, ಗ್ರಾಹಕ ಸಂಘಟನೆಗಳ ಜೊತೆಗೆ ಠಾಣೆ–ಬೇಲಾಪುರದ ಮತ್ತು ವಿದರ್ಭದ ಕೈಗಾರಿಕಾ ಸಂಘಗಳನ್ನೂ ಗ್ರಾಹಕರ ಅಧಿಕೃತ ಪ್ರತಿನಿಧಿಗಳಾಗಿ ಮಾನ್ಯ ಮಾಡಿತ್ತು. ನಿಮ್ಮ ಭಾಗದ ಸಂಘಗಳು ಇಂಥ ಮಾನ್ಯತೆಯನ್ನು ಇಲ್ಲಿಯೂ ಕೇಳಬೇಕು, ಮತ್ತು ಆ ಲೆಕ್ಕ ಸಿದ್ಧಪಡಿಸುವ ವೆಚ್ಚಕ್ಕೆ ರಾಜ್ಯದಿಂದ ಹಣ ಕೇಳುವುದು ಸಂಪೂರ್ಣ ನ್ಯಾಯಸಮ್ಮತ. ಮಹಿಳಾ ಉದ್ಯಮಿಗಳದ್ದೇ ಆದ ಅವೇಕ್ ಸಂಸ್ಥೆ 1983ರಿಂದ ರಾಜ್ಯದಲ್ಲಿದೆ. ನಿಮ್ಮಂಥ ನಾಲ್ಕಾರು ಘಟಕಗಳು ಸೇರಿ ಅವರಿಗೂ ಬರೆಯಿರಿ.

ಪ್ರಶ್ನೆ: ನಮ್ಮ ಸಂಘಕ್ಕೆ ಸರ್ಕಾರದ ಅನುದಾನ ಬರುತ್ತದೆ ಎಂದು ಗೊತ್ತು, ಆದರೆ ಯಾವುದಕ್ಕೆ ಖರ್ಚಾಯಿತು ಎಂದು ಪದಾಧಿಕಾರಿಗಳು ಹೇಳುವುದಿಲ್ಲ. ಸಾಮಾನ್ಯ ಸದಸ್ಯ ಏನು ಮಾಡಬಹುದು?
— ಮೈಸೂರಿನ ಓದುಗರು

ಉತ್ತರ: ಕೇಳುವ ಹಕ್ಕು ನಿಮಗೆ ಮೂರು ಕಡೆಯಿಂದ ಇದೆ. ನಿಮ್ಮ ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿದ್ದರೆ, ವಾರ್ಷಿಕ ಮಹಾಸಭೆಯ ನಂತರ ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸಲೇಬೇಕು. ಅದರ ಪ್ರತಿಯನ್ನು ಅಲ್ಲಿಂದ ಪಡೆಯಬಹುದು. ಸದಸ್ಯರಲ್ಲಿ ಮೂರನೇ ಒಂದು ಭಾಗದವರು ಸಹಿ ಹಾಕಿ ಕೇಳಿದರೆ 25ನೇ ಕಲಂ ಅಡಿ ವಿಚಾರಣೆ ನಡೆಸುವ ಅಧಿಕಾರ ನೋಂದಣಾಧಿಕಾರಿಗಿದೆ. ಎರಡನೆಯದಾಗಿ, ಅನುದಾನ ಕೊಟ್ಟ ಇಲಾಖೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಮಂಜೂರಾತಿ ಆದೇಶ ಮತ್ತು ಹಣ ಬಳಕೆ ಪ್ರಮಾಣಪತ್ರದ ಪ್ರತಿ ಕೇಳಿ. ಇಲಾಖೆಯ ಕಡತದಲ್ಲಿರುವ ದಾಖಲೆಯಾದ್ದರಿಂದ ಸಂಘದ ಒಪ್ಪಿಗೆಗೆ ಕಾಯುವ ಪ್ರಮೇಯ ಸಾಮಾನ್ಯವಾಗಿ ಬರುವುದಿಲ್ಲ. ಮೂರನೆಯದಾಗಿ, ಸರ್ಕಾರದಿಂದ ಗಣನೀಯವಾಗಿ ಹಣ ಪಡೆಯುವ ಖಾಸಗಿ ಸಂಸ್ಥೆಯೂ ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2019ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಸಂಘದ ವೆಚ್ಚದ ಶೇ. 75ಕ್ಕಿಂತ ಕಡಿಮೆಯಿಲ್ಲದಷ್ಟು ಸರ್ಕಾರದಿಂದ ಬಂದು, ಆ ಮೊತ್ತ 25 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದಿದ್ದರೆ ಮಹಾಲೇಖಪಾಲರ ಪರಿಶೋಧನೆಗೂ ಅದು ಒಳಪಡುತ್ತದೆ.

ಆದರೂ ಮೊದಲ ಹೆಜ್ಜೆ ಸಂಘದೊಳಗೇ ಇರಲಿ. ಮಹಾಸಭೆಯ ನೋಟಿಸ್ ಬಂದ ಕೂಡಲೇ, ಅನುದಾನದ ಆದಾಯ ಮತ್ತು ಖರ್ಚನ್ನು ಪ್ರತ್ಯೇಕ ಪುಟದಲ್ಲಿ ಮುದ್ರಿಸಿ ಎಲ್ಲ ಸದಸ್ಯರಿಗೂ ಕಳುಹಿಸಬೇಕೆಂಬ ಗೊತ್ತುವಳಿಯನ್ನು ಲಿಖಿತವಾಗಿ ಕೊಡಿ, ಐದಾರು ಸದಸ್ಯರ ಸಹಿ ಹಾಕಿಸಿ, ಸ್ವೀಕೃತಿಯ ಮೊಹರು ಪಡೆದುಕೊಳ್ಳಿ. ಆ ಪುಟದಲ್ಲಿ ಖರ್ಚಿನ ಜೊತೆಗೆ ಆ ಹಣದಿಂದ ಯಾವ ಇಲಾಖೆಗೆ ಯಾವ ದಿನಾಂಕದಂದು ಯಾವ ಮನವಿ ಹೋಯಿತು, ಅದಕ್ಕೆ ಏನು ಉತ್ತರ ಬಂತು ಎಂಬ ಪಟ್ಟಿಯೂ ಇರಬೇಕೆಂದು ಸೇರಿಸಿ. ಗೊತ್ತುವಳಿಯನ್ನು ಕಾರ್ಯಸೂಚಿಗೆ ಸೇರಿಸದಿದ್ದರೆ ಆ ಮೊಹರಿನ ಪ್ರತಿಯನ್ನಿಟ್ಟುಕೊಂಡೇ ನೋಂದಣಾಧಿಕಾರಿಗೆ ಬರೆಯಬಹುದು.